ಬ್ರಿಟಿಷ್ ಸ್ಪೋರ್ಟ್ಸ್ ಕಾರು ಮತ್ತು ಮೋಟಾರ್ ರೇಸಿಂಗ್: ಮುಖ್ಯಾಂಶಗಳು

ಹಿನ್ನೆಲೆ: 1903ರ ಮೋಟಾರು ಕಾರು ಕಾಯ್ದೆಯು ಬ್ರಿಟನ್ನಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿ ವೇಗಮಿತಿ ವಿಧಿಸಿತು. ವೇಗದ ಪರೀಕ್ಷೆಗೆ ಪ್ರತ್ಯೇಕ ಜಾಗ ಬೇಕಾಯಿತು. 1907ರಲ್ಲಿ ಸರ್ರೆ ಕೌಂಟಿಯಲ್ಲಿ ಆರಂಭವಾದ ಬ್ರೂಕ್‌ಲ್ಯಾಂಡ್ಸ್, ಮೋಟಾರ್ ರೇಸಿಂಗ್‌ಗೆಂದೇ ನಿರ್ಮಿಸಿದ ವಿಶ್ವದ ಮೊದಲ ಟ್ರ್ಯಾಕ್.

ಲೆ ಮಾನ್ಸ್ 24 ಗಂಟೆ ರೇಸ್ (ಫ್ರಾನ್ಸ್): ಕೆಲವು ಬ್ರಿಟಿಷ್ ಗೆಲುವುಗಳು
- ಬೆಂಟ್ಲಿ: 1924, 1927–1930
- ಜಾಗ್ವಾರ್: 1951, 1953, 1955–1957
- ಆಸ್ಟನ್ ಮಾರ್ಟಿನ್: 1959

ತಂತ್ರಜ್ಞಾನ: 1953ರಲ್ಲಿ ಗೆದ್ದ ಜಾಗ್ವಾರ್ ಸಿ-ಟೈಪ್‌ನಲ್ಲಿ ಡಿಸ್ಕ್ ಬ್ರೇಕ್‌ಗಳಿದ್ದವು. ಡ್ರಮ್ ಬ್ರೇಕ್‌ಗಳು ಕಾದು ಹಿಡಿತ ಕಳೆದುಕೊಳ್ಳುತ್ತಿದ್ದವು; ಡಿಸ್ಕ್‌ಗಳು ಬೇಗ ತಣಿಯುವುದರಿಂದ ಚಾಲಕರು ತಿರುವಿನ ಹತ್ತಿರದವರೆಗೂ ವೇಗ ಉಳಿಸಿಕೊಳ್ಳಬಲ್ಲವರಾದರು. ಇಂದು ನಮ್ಮ ಅನೇಕ ಕಾರು, ಬೈಕುಗಳನ್ನು ಸುರಕ್ಷಿತವಾಗಿ ನಿಲ್ಲಿಸುವುದೂ ಇದೇ ತಂತ್ರ.

ಫಾರ್ಮುಲಾ ಒನ್
- ಮೊದಲ ವಿಶ್ವ ಚಾಂಪಿಯನ್‌ಶಿಪ್ ರೇಸ್: ಸಿಲ್ವರ್‌ಸ್ಟೋನ್, 13 ಮೇ 1950, ವಿಜೇತ ಇಟಲಿಯ ಫಾರಿನಾ
- ಮೊದಲ ಬ್ರಿಟಿಷ್ ವಿಶ್ವ ಚಾಂಪಿಯನ್: ಮೈಕ್ ಹಾಥಾರ್ನ್ (1958)
- ಮೊದಲ ಕನ್‌ಸ್ಟ್ರಕ್ಟರ್ಸ್ (ತಯಾರಕರ) ಪ್ರಶಸ್ತಿ: ಬ್ರಿಟನ್ನಿನ ವ್ಯಾನ್‌ವಾಲ್ (1958)
- ಬ್ರಿಟನ್ನಿನ ಲೋಟಸ್ ತಂಡದ ಸ್ಥಾಪಕ: ಕಾಲಿನ್ ಚಾಪ್ಮನ್; ಲೋಟಸ್ ಚಾಲಕ ಜಿಮ್ ಕ್ಲಾರ್ಕ್ 1963, 1965ರ ವಿಶ್ವ ಚಾಂಪಿಯನ್

ಗಮನಿಸಿ: 1958ರಲ್ಲಿ ಹಾಥಾರ್ನ್ ಓಡಿಸಿದ್ದು ಇಟಲಿಯ ಫೆರಾರಿ ಕಾರು. ಚಾಲಕರ ಪ್ರಶಸ್ತಿ ಮತ್ತು ತಯಾರಕರ ಪ್ರಶಸ್ತಿ ಬೇರೆ ಬೇರೆ.