ಹೆತ್ತವ್ವನ ಹುಡುಕಾಟ

ಸ್ಟೇಷನ್ ರಸ್ತೆಯ ಬದಿಗೆ ಅಕ್ಕ ಬಾಳೆಹಣ್ಣು ಮಾರುತ್ತಾಳೆ. ಒಂದು ದಿನ ಒಬ್ಬ ಹುಡುಗಿ ಬಂದಳು. ಕೈಯಲ್ಲಿ ಹಳೆಯ ಕಾಗದ ಇತ್ತು.

“ಅಕ್ಕಾ, ನಾ ಕೂಸಿದ್ದಾಗ ದತ್ತು ಹೋದಾಕಿರಿ. ನನ್ನ ಹೆತ್ತವ್ವ ಈ ಊರಾಕಿ ಅಂತ. ಯಾರನ್ನ ಕೇಳಲಿ?”

“ಮನಿ ಮನಿಗೆ ಕೇಳಕೋತ ಹೋಗಬ್ಯಾಡ ತಂಗಿ. ಆಕಿಗೆ ಈಗ ಗಂಡ, ಮಕ್ಕಳು ಇರಬಹುದು. ಆಕಿ ಬಾಳೇವು ಕೆಡಬಾರದು.”

“ಹಂಗಾದ್ರ ನಾ ತಿಳಕೋಬಾರದೇನು?”

“ತಿಳಕೋಬೇಕು. ಅದಕ್ಕ ದಾರಿ ಐತಿ.”

ಯಾವ ದಾರಿ? 2022ರ ದತ್ತು ನಿಯಮಗಳಲ್ಲಿ ಇದನ್ನು ಬರೆದಿದ್ದಾರೆ. ದತ್ತು ಹೋದವರು ತಮ್ಮ ಮೂಲ ಹುಡುಕಬಹುದು. 18 ವರ್ಷ ತುಂಬಿದ್ದರೆ ತಾವೇ ಅರ್ಜಿ ಕೊಡಬಹುದು. ಚಿಕ್ಕವರಾದರೆ ಸಾಕಿದ ತಂದೆತಾಯಿಯೂ ಜೊತೆಗೆ ಅರ್ಜಿ ಕೊಡಬೇಕು. ಬೇರೆಯವರು ಅವರ ಪರವಾಗಿ ಹುಡುಕುವಂತಿಲ್ಲ. ದತ್ತು ಸಂಸ್ಥೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ನೆರವಾಗುತ್ತವೆ. ಗುರುತು ಗುಟ್ಟಾಗಿರಲಿ ಎಂದು ಹೆತ್ತವಳು ಕೇಳಿಕೊಂಡಿದ್ದರೆ, ಮೊದಲು ಆಕೆಯ ಒಪ್ಪಿಗೆ ಬೇಕು. ಆಕೆ ಒಪ್ಪದಿದ್ದರೆ? ಕೂಸನ್ನು ಏಕೆ ಬಿಟ್ಟುಕೊಟ್ಟಳು ಎಂಬುದನ್ನು ತಿಳಿಸುತ್ತಾರೆ.

ಸಾಕಿದವ್ವನಿಗೆ ಇದರಿಂದ ನೋವಾಗಬಹುದು. ಆದರೂ ಮಗಳು ಕೇಳುವುದು ತಪ್ಪಲ್ಲ.

ಗುಟ್ಟಾಗಿ ಕೈಯಿಂದ ಕೈಗೆ ಕೊಟ್ಟ ಕೂಸಿಗೆ ಮಾತ್ರ ಕಷ್ಟ. ಹುಡುಕಲು ಕಾಗದವೇ ಇರುವುದಿಲ್ಲ. ಕೂಸನ್ನು ಸಾಕಲು ಆಗದವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬೇಕು. ಪತ್ರವನ್ನು ಓದಿಯೇ ಸಹಿ ಮಾಡಬೇಕು. ಮನಸ್ಸು ಬದಲಾದರೆ ಎರಡು ತಿಂಗಳ ಅವಕಾಶ ಉಂಟು. ಇದು 2015ರ ಬಾಲನ್ಯಾಯ ಕಾಯ್ದೆಯ ಮಾತು.

ಅಕ್ಕ ಹುಡುಗಿಯ ಕಾಗದ ಬಿಚ್ಚಿದಳು. ಅಕ್ಷರ ಕೂಡಿಸಿ ಓದಿದಳು.

“ಇಲ್ಲಿ ಸಂಸ್ಥೆಯ ಹೆಸರೈತಿ ನೋಡು. ಇಲ್ಲಿಂದ ಸುರು ಮಾಡು.”

ಹುಡುಗಿ ಎರಡು ಬಾಳೆಹಣ್ಣು ತಗೊಂಡಳು. ಅಕ್ಕ ರೊಕ್ಕ ಇಸಗೊಳ್ಳಲಿಲ್ಲ.