ಹಾವಿನ ಪೊರೆ: ಓದುವ ಬಗೆ, ಇಡುವ ಬಗೆ

ಹಿತ್ತಲಿನ ಕಲ್ಲುಸಂದಿಯಲ್ಲಿಯೋ ಗದ್ದೆಯ ಬದುವಿನಲ್ಲಿಯೋ ಹಾವು ಬಿಟ್ಟ ಪೊರೆಯನ್ನು ಕಾಣದವರು ನಮ್ಮಲ್ಲಿ ಕಡಿಮೆ. ಕಂಡವರು ಕೋಲಿನಿಂದ ಸರಿಸುತ್ತಾರೆ, ಇಲ್ಲವೆ ದೂರದಿಂದಲೇ ಕೈಮುಗಿಯುತ್ತಾರೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ಮನೆಯೊಳಗೆ ಹಾವು ಸಾಕುವವರಿದ್ದಾರೆ. ಅಮೆರಿಕದ ವಿಷವಿಲ್ಲದ ಕಾರ್ನ್ ಸ್ನೇಕು, ಆಫ್ರಿಕದ ಗಿಡ್ಡ ಹೆಬ್ಬಾವಾದ ಬಾಲ್ ಪೈಥಾನು ಅವರಿಗೆ ಪ್ರಿಯ. ಅವು ಬಿಟ್ಟ ಪೊರೆಗೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುವುದೂ ಉಂಟು. ಇದೆಂಥ ಹುಚ್ಚು ಎಂದು ನಗಬಹುದು. ಆದರೆ ಆ ಹುಚ್ಚಿನೊಳಗೆ ನಮಗೆ ಬೇಕಾದ ಒಂದು ವಿದ್ಯೆ ಇದೆ.

ಮೊದಲು ಒಂದು ಮಾತು: ಪೊರೆ ಬೇರೆ, ತೊಗಲು ಬೇರೆ. ತೊಗಲು ಬೇಕಾದರೆ ಹಾವನ್ನು ಕೊಲ್ಲಬೇಕು. ಪೊರೆಯೆಂಬುದು ನಮ್ಮ ಉಗುರಿನಂತೆ ಕೆರಾಟಿನ್ ಎಂಬ ವಸ್ತುವಿನಿಂದಾದ, ಜೀವವಿಲ್ಲದ ಮೇಲುಪದರ. ಅದರಡಿ ಹೊಸ ಪದರ ಬೆಳೆದಾಗ ಎರಡರ ನಡುವೆ ತೆಳ್ಳನೆಯ ದ್ರವ ಸೇರುತ್ತದೆ. ಆಗ ಹಾವಿನ ಕಣ್ಣು ಹಾಲು ಬೆರೆಸಿದ ನೀಲಿಯಂತೆ ಮಂಕಾಗುತ್ತದೆ. ಕೆಲವು ದಿನಗಳಲ್ಲಿ ಕಣ್ಣು ತಿಳಿಯಾಗಿ, ಹಾವು ಮೂತಿಯನ್ನು ಒರಟು ಕಲ್ಲಿಗೆ ಉಜ್ಜಿ, ಕಾಲುಚೀಲ ಕಳಚಿದಂತೆ ತಲೆಯಿಂದ ಬಾಲದವರೆಗೆ ಪೊರೆಯನ್ನು ಒಳಹೊರಗು ಮಾಡಿ ಬಿಟ್ಟು ಹೋಗುತ್ತದೆ. ಬೇಗ ಬೆಳೆಯುವ ಮರಿಗಳು ದೊಡ್ಡವುಗಳಿಗಿಂತ ಹೆಚ್ಚು ಸಲ ಪೊರೆ ಬಿಡುತ್ತವೆ.

ಬಲ್ಲ ಸಾಕಣೆದಾರನು ಕಟ್ಟು ಹಾಕಿಸುವ ಯೋಚನೆಗೆ ಮೊದಲೇ ಪೊರೆಯನ್ನು ಹಾಸಿ ಓದುತ್ತಾನೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಪಾರದರ್ಶಕವಾದ ಒಂದು ಹುರುಪೆ ಮುಚ್ಚಿರುತ್ತದೆ. ಪೊರೆಯ ತಲೆಯಲ್ಲಿ ಗಡಿಯಾರದ ಗಾಜಿನಂಥ ಆ ಎರಡು ಬಿಲ್ಲೆಗಳು ಇರಲೇಬೇಕು. ಅವುಗಳ ಜಾಗದಲ್ಲಿ ತೂತು ಕಂಡರೆ ಹಳೆಯ ಬಿಲ್ಲೆ ಹಾವಿನ ಕಣ್ಣಿನ ಮೇಲೆಯೇ ಉಳಿದಿದೆ ಎಂದು ಅರ್ಥ. ಬಾಲದ ತುದಿಯೂ ಬಂದಿರಬೇಕು. ಅಲ್ಲಿ ಉಂಗುರದಂತೆ ಉಳಿದ ಪೊರೆ ಒಣಗಿ ಬಿಗಿದರೆ ರಕ್ತಸಂಚಾರ ನಿಂತು ತುದಿ ಸಾಯುತ್ತದೆ. ಪೊರೆ ಚೂರುಚೂರಾಗಿ ಬಂದಿದ್ದರೆ ಗೂಡಿನ ತೇವ ಸಾಲದು ಎಂಬ ಗುಮಾನಿ. ಇಷ್ಟನ್ನು ನೋಡದೆ ಚೆಂದಕ್ಕೆ ತೂಗುಹಾಕುವುದು ಜಮಾಖರ್ಚು ನೋಡದೆ ಲೆಡ್ಜರಿಗೆ ಬೈಂಡು ಹಾಕಿಸಿದಂತೆ.

ಇಡುವ ಕ್ರಮ ಕಷ್ಟದ್ದಲ್ಲ. ಹೊಸ ಪೊರೆ ಮೆತ್ತಗಿರುತ್ತದೆ. ಒಣಗಿ ಮುದುಡಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಬೇಕು. ಚಪ್ಪಟೆಯಾಗಿ ಬಿಡಿಸಬೇಕಾದರೆ ಕೆಲವರು ಹೊಟ್ಟೆಯ ನಡುವೆ ಕತ್ತರಿಸುತ್ತಾರೆ. ನಮಗೆ ಅದು ಒಪ್ಪಿಗೆಯಿಲ್ಲ. ಹೊಟ್ಟೆಯ ಅಗಲ ಹುರುಪೆಗಳು ಹಾಳಾಗುತ್ತವೆ. ಪಕ್ಕದಲ್ಲಿ ಕತ್ತರಿಸುವುದು ಮೇಲು. ಎರಡು ತೆಳು ಹತ್ತಿಬಟ್ಟೆಗಳ ನಡುವೆ ಹಾಸಿ, ಮೇಲೆ ಪುಸ್ತಕದ ಭಾರವಿಟ್ಟು, ಬಟ್ಟೆ ಬದಲಿಸುತ್ತ ಒಣಗಿಸಬೇಕು. ಮುಂಬಯಿಯ ಮಳೆಗಾಲದಂಥ ತೇವದಲ್ಲಿ ಅವಸರ ಮಾಡಿದರೆ ಬೂಷ್ಟು ಖಂಡಿತ. ತೊಗಲು ತಿನ್ನುವ ಹುಳುಗಳ ಕಾಟಕ್ಕೆ, ಒಣಗಿದ ಪೊರೆಯನ್ನು ಚೀಲದಲ್ಲಿ ಮುಚ್ಚಿ ಎರಡು ವಾರ ಫ್ರೀಜರಿನಲ್ಲಿಡುತ್ತಾರೆ. ಬಿಸಿಲು ತಾಗುವ ಗೋಡೆ ಬೇಡ. ಸರೀಸೃಪಗಳಿಂದ ಸಾಲ್ಮೊನೆಲ್ಲಾ ಎಂಬ ರೋಗಾಣು ಅಂಟಬಹುದಾದ್ದರಿಂದ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯತಕ್ಕದ್ದು.

ಕಟ್ಟಿಗಿಂತ ಮುಖ್ಯವಾದದ್ದು ಚೀಟಿ. ಯಾವ ಹಾವು, ಯಾವ ತಾರೀಖು, ಎಲ್ಲಿ, ಉದ್ದವೆಷ್ಟು ಎಂದು ಬರೆಯಬೇಕು. ಚೀಟಿಯಿಲ್ಲದ ಬೇಲು ಗೋದಾಮಿನಲ್ಲಿ ಯಾರದೂ ಅಲ್ಲ. ಉದ್ದ ಬರೆಯುವಾಗ ಇದು ಪೊರೆಯ ಅಳತೆ ಎಂದೇ ಬರೆಯಬೇಕು. ಹುರುಪೆಗಳ ನಡುವಿನ ಮಡಿಕೆ ಬಿಚ್ಚಿ ಹಿಗ್ಗುವುದರಿಂದ ಪೊರೆ ಯಾವಾಗಲೂ ಹಾವಿಗಿಂತ ಉದ್ದ. ಊರಲ್ಲಿ ಕೇಳುವ ಹತ್ತಡಿ ಹಾವುಗಳಲ್ಲಿ ಎಷ್ಟೋ ಹೀಗೆ ಬೆಳೆದವು!

ನಮ್ಮ ದೇಶದಲ್ಲಿ ಇಲ್ಲಿಯ ಹಾವುಗಳನ್ನು ಹಿಡಿದು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅಡ್ಡಿಯುಂಟು. ಒಂದು ಕಾಲಕ್ಕೆ ಮದರಾಸಿನ ಸುತ್ತಿನ ಇರುಳರು ತೊಗಲಿನ ವ್ಯಾಪಾರಿಗಳಿಗಾಗಿ ಹಾವು ಹಿಡಿಯುತ್ತಿದ್ದರು. ಆ ವ್ಯಾಪಾರ ನಿಂತ ಮೇಲೆ 1978ರಲ್ಲಿ ಅವರದೇ ಸಹಕಾರ ಸಂಘವಾಗಿ, ವಿಷ ತೆಗೆದು ಹಾವನ್ನು ಮರಳಿ ಕಾಡಿಗೆ ಬಿಡುವ ಕೆಲಸ ಬಂತು. ಆ ವಿಷದಿಂದಲೇ ಹಾವು ಕಡಿತದ ಮದ್ದು ತಯಾರಾಗುತ್ತದೆ. ಊರಲ್ಲಿ ಸಿಕ್ಕ ಪೊರೆಯನ್ನು ಶಾಲೆಯಲ್ಲಿ ಪ್ರದರ್ಶನಕ್ಕಿಡುವುದಾದರೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಇಡುವುದು ಕ್ಷೇಮ. ಕೊಳ್ಳುವುದು, ಮಾರುವುದು ಬೇಡವೇ ಬೇಡ.

ಆದರೆ ಓದಲಿಕ್ಕೆ ಯಾರ ಅಪ್ಪಣೆಯೂ ಬೇಡ. ಪೊರೆಯಲ್ಲಿ ಬಣ್ಣ ಮಾಸಿರುತ್ತದೆ, ಹುರುಪೆಗಳ ಸಾಲು ಮಾಸುವುದಿಲ್ಲ. ಬೆನ್ನಿನ ನಟ್ಟನಡುವೆ ಆರು ಮೂಲೆಯ ದೊಡ್ಡ ಹುರುಪೆಗಳ ಒಂದು ಸಾಲಿದ್ದು, ಬಾಲದ ಅಡಿಯ ಹುರುಪೆಗಳು ಎರಡಾಗಿ ಸೀಳದೆ ಒಂದೊಂದಾಗಿಯೇ ಇದ್ದರೆ ಅದು ಕಟ್ಟುಹಾವಿನದು, ಕೆಲವು ಕಡೆ ಕಡಂಬಳ ಎನ್ನುವರಲ್ಲ, ಅದರದು. ನೋಡಲಿಕ್ಕೆ ಅದರಂತೆಯೇ ಇರುವ ಬಡಪಾಯಿ ತೋಳಹಾವಿಗೆ ಈ ಎರಡೂ ಗುರುತುಗಳಿಲ್ಲ. ತಲೆಯ ಮೇಲೆ ಅಗಲ ಬಿಲ್ಲೆಗಳ ಬದಲು ಸಣ್ಣ ಹುರುಪೆಗಳೇ ತುಂಬಿ, ಮೈಯ ಹುರುಪೆಗೆಲ್ಲ ನಡುವೆ ಏಣು ಇದ್ದರೆ ಕೊಳಕುಮಂಡಲವಿದ್ದೀತು. ಕೇರೆಹಾವಿನ ತಲೆಯ ಮೇಲಾದರೋ ಅಗಲ ಬಿಲ್ಲೆಗಳೇ.

ಕಟ್ಟುಹಾವು ರಾತ್ರಿ ಮನೆಯೊಳಗೆ ಬಂದು, ನೆಲದ ಮೇಲೆ ಮಲಗಿದವರನ್ನು ನೋವೂ ತಿಳಿಯದಂತೆ ಕಡಿಯುವ ಜಾತಿ. ಅದರ ಪೊರೆ ಊರ ಮನೆಯ ಸುತ್ತ ಸಿಕ್ಕಿತೆಂದು ಕಾಗದ ಬಂದರೆ, ಮಕ್ಕಳನ್ನು ಮಂಚದ ಮೇಲೆ ಮಲಗಿಸಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸುತ್ತಲೂ ಸಿಕ್ಕಿಸಿರಿ ಎಂದು ಅಂದೇ ಮರುಟಪಾಲಿಗೆ ಬರೆಯಿರಿ. ಫೋನಿದ್ದರೆ ಅಷ್ಟೂ ತಡಮಾಡಬೇಡಿ.