ಸ್ಟಾರ್ಟರ್ ಮುಂದೆ ನಿಂತವರದೇ ಕೊನೇ ಮಾತು

ಮಗಳೇ, ಅರಸೀಕೆರೆಯ ತೆಂಗಿನ ತೋಟದ ಬೋರ್‌ವೆಲ್ ಮೋಟಾರನ್ನು ಬೆಂಗಳೂರಿನಿಂದಲೇ ಆನ್ ಮಾಡುವ ಹಾಗೆ ಇಎಸ್‌ಪಿ32 ಬೋರ್ಡ್ ಕೂರಿಸುತ್ತೇನೆ ಅಂದೆಯಲ್ಲ, ಬಹಳ ಸಂತೋಷ ಕಣಮ್ಮ. ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೆ ಬ್ಯಾಟರಿ ಹಿಡಿದು, ಹಾವು ಚಿರತೆಗಳಿಗೆ ಅಂಜುತ್ತ ತೋಟಕ್ಕೆ ಹೋಗುವುದು ನಿಮ್ಮಪ್ಪನಿಗೆ ಇನ್ನಾದರೂ ತಪ್ಪಲಿ. ಶಾಂಘೈನ ಎಸ್‌ಪ್ರೆಸಿಫ್ ಕಂಪನಿಯ ವೈಫೈ ಚಿಪ್ ಇಎಸ್‌ಪಿ8266 ಬಂದದ್ದು 2014ರಲ್ಲಿ. 2016ರಲ್ಲಿ ಬಂದ ಇಎಸ್‌ಪಿ32 ವೈಫೈ ಜೊತೆಗೆ ಬ್ಲೂಟೂತನ್ನೂ ಒಂದೇ ಚಿಪ್ಪಿನೊಳಗೆ ತಂದಿತು. ಇಂಥ ಸಾಮಾನು ಇಷ್ಟು ಕಡಿಮೆ ಬೆಲೆಗೆ ವಿದ್ಯಾರ್ಥಿಗಳ ಕೈಗೆ ಸಿಕ್ಕಿದ್ದು ದೊಡ್ಡ ಮಾತು.

ಆದರೆ ಒಂದು ಯೋಚಿಸು. ನಿಮ್ಮಪ್ಪ ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದಾನೆ, ಇಲ್ಲವೇ ಮೆಕ್ಯಾನಿಕ್ ಪೈಪ್ ಎತ್ತುತ್ತಿದ್ದಾನೆ. ಅದು ಗೊತ್ತಿಲ್ಲದೆ ನೀನು ಅಲ್ಲಿಂದ ಮೊಬೈಲ್ ಒತ್ತುತ್ತೀಯ. ನಿನ್ನ ಬೋರ್ಡಿನದು 3.3 ವೋಲ್ಟ್, ಅದು ಎಬ್ಬಿಸುವುದು 415 ವೋಲ್ಟ್! ಆದ್ದರಿಂದ ಪೆಟ್ಟಿಗೆಯ ಪಕ್ಕದಲ್ಲೇ ಒಂದು ಸ್ವಿಚ್ ಇರಲಿ. ಪ್ರೋಗ್ರಾಂ ಓದಿ ತಿಳಿದುಕೊಳ್ಳುವ ಸ್ವಿಚ್ ಬೇಡ, ಕಾಂಟ್ಯಾಕ್ಟರ್ ಕಾಯಿಲ್‌ಗೆ ಹೋಗುವ ವೈರನ್ನೇ ಬಿಡಿಸುವಂಥದ್ದು ಬೇಕು. ಒಳಗೆ ಕೈಹಾಕುವ ಮೊದಲು ಮೇನ್ ಇಳಿಸಿ ಫ್ಯೂಸ್ ಕಿತ್ತಿಡುವ ಹಳೇ ರೂಢಿಯನ್ನಂತೂ ಯಾರೂ ಬಿಡಬಾರದು.

ಕರೆಂಟ್ ಹೋಗಿ ಬಂದಾಗಲೆಲ್ಲ ಬೋರ್ಡ್ ಹೊಸದಾಗಿ ಶುರುವಾಗುತ್ತದೆ. ಆಗ ಕೆಲವು ಪಿನ್‌ಗಳು ನಿನ್ನ ಪ್ರೋಗ್ರಾಂ ಓಡುವ ಮೊದಲೇ ಒಂದು ಕ್ಷಣ ಮೇಲೆದ್ದು ರಿಲೇಯನ್ನು ಟಕ್ಕೆನ್ನಿಸುತ್ತವೆ. ಅಂಥ ಪಿನ್‌ಗೆ ರಿಲೇ ಕಟ್ಟಬೇಡ. ಕರೆಂಟ್ ಬಂದ ಮೇಲೆ ಕೆಲವು ನಿಮಿಷ ಕಾದು, ಮೂರೂ ಫೇಸ್ ಇದೆಯೇ ನೋಡಿಕೊಂಡೇ ಮೋಟಾರ್ ಏಳಲಿ.

ನೀರು ನಿಂತಾಗ ಮೋಟಾರ್ ಎಳೆಯುವ ಆಂಪ್ಸ್ ಇಳಿಯುತ್ತದೆ. ಅದನ್ನು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಕಾಯಿಲ್ ಹಾಕಿ ಅಳೆದು, ಬೋರ್ಡೇ ಆ ಕ್ಷಣ ಆಫ್ ಮಾಡಬೇಕು. ಎಲ್ಲೋ ಇರುವ ಸರ್ವರನ್ನು ಕೇಳಿಕೊಂಡು ಕೂತರೆ, ಮಳೆಗೆ ಟವರ್ ಸತ್ತ ದಿನ ಮೋಟಾರ್ ಸುಟ್ಟೇ ಹೋಗುತ್ತದೆ. ಇನ್ನೊಂದು, ಇಎಸ್‌ಪಿ32ರ ಎರಡನೇ ಎಡಿಸಿಯ, ಅಂದರೆ ವೋಲ್ಟೇಜ್ ಅಳೆಯುವ ಭಾಗದ, ಪಿನ್‌ಗಳು ವೈಫೈ ಓಡುವಾಗ ನಂಬಿಕೆಗೆ ಬಾರವು. ಅಳೆಯುವ ವೈರನ್ನು ಮೊದಲನೆಯದಕ್ಕೇ ಕೊಡು. ಬೋರ್ಡಿನ ಜೊತೆ ಪಾಸ್‌ವರ್ಡ್ ಏನಾದರೂ ಬಂದಿದ್ದರೆ ಅದನ್ನೂ ಮೊದಲ ದಿನವೇ ಬದಲಿಸು. ಹಾಗೆ ಬದಲಿಸದೆ ಬಿಟ್ಟ ಕ್ಯಾಮೆರಾ, ರೌಟರ್‌ಗಳಿಗೇ 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ನುಗ್ಗಿದ್ದು.

ಇಲ್ಲಿ ಚೆನ್ನಾಗಿ ನಡೆಯಿತು ಅಂತ ಬೇಲೂರಿನ ಕಾಫಿ ತೋಟಕ್ಕೂ ಇದನ್ನೇ ಹೊತ್ತುಕೊಂಡು ಹೋಗಬೇಡ. ಮಳೆಗಾಲದಲ್ಲಿ ನೆಂದ ಎಲೆಗಳು 2.4 ಗಿಗಾಹರ್ಟ್ಸ್ ಸಿಗ್ನಲ್ಲನ್ನು ಹೀರಿಬಿಡುತ್ತವೆ. ಅಲ್ಲಿಗೂ, ಹಳೇಬೀಡಿನ ಕಡೆ ಮನೆಯಿಂದ ದೂರವಿರುವ ಹೊಲಗಳಿಗೂ ಲೋರಾ ರೇಡಿಯೋ ಜೋಡಿಸು. ನಮ್ಮ ದೇಶದಲ್ಲಿ ಲೋರಾ ಬಳಸುವ 865ರಿಂದ 867 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಕಿಲ್ಲ.

ಎಲ್ಲ ಕೂರಿಸಿದ ಮೇಲೆ ಪೆಟ್ಟಿಗೆ ಪಕ್ಕದ ಆ ಸ್ವಿಚ್ಚಿನ ಮೇಲೆ ಅದು ಯಾತಕ್ಕೆಂದು ಕನ್ನಡದ ದಪ್ಪ ಅಕ್ಷರಗಳಲ್ಲಿ ಬರೆ. ನಿಮ್ಮಪ್ಪನ ಕೈಯಿಂದಲೇ ಅದನ್ನು ಆಫ್ ಮಾಡಿಸಿ, ಅವನೆದುರಿಗೇ ನಿನ್ನ ಮೊಬೈಲ್ ಒತ್ತಿ ನೋಡು. ಮೋಟಾರ್ ಮಿಸುಕಾಡಲಿಲ್ಲ ಅಂದರೆ ಬೆಂಗಳೂರಿನ ರೈಲು ಹತ್ತು.